ಅಗಸಿ ಎಷ್ಟು ಎತ್ತರ ಆತು?

ಲೋಕಲ್ ಟ್ರೇನಿನ ಗೆಳೆತನಕ್ಕೆ ಹೆಸರು ಬೇಕಾಗಿರಲಿಲ್ಲ. ಹೆಂಗಸರ ಡಬ್ಬಿಯಲ್ಲಿ ನಾವು ಒಬ್ಬರನ್ನೊಬ್ಬರು ಸ್ಟೇಷನ್ನಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಮಲಾಡ್‌ನಲ್ಲಿ ಹತ್ತಿ ನಮಗೆಲ್ಲ ಸೀಟು ಹಿಡಿದಿಡುವವಳು ಮಲಾಡ್. ಬಾಂದ್ರಾದಲ್ಲಿ ಇಳಿಯುವ ಹುಡುಗಿ ಬಾಂದ್ರಾ. ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿದು ಪರೇಲಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗುವವರು ಪರೇಲ್. ನಾನು ಜೋಗೇಶ್ವರಿ. ನಾಲ್ವರಲ್ಲಿ ಹೆಂಗಸಿನ ಹೆಸರಿನಂಥ ಹೆಸರು ನನಗೊಬ್ಬಳಿಗೇ ಸಿಕ್ಕಿದ್ದು, ಅದರ ಜಂಬವೂ ನನಗಿತ್ತು. ಒಮ್ಮೆ ಮಲಾಡ್ ನನ್ನ ಆಫೀಸಿಗೆ ಫೋನ್ ಮಾಡಿ ‘ಜೋಗೇಶ್ವರಿ ಇದ್ದಾರಾ’ ಎಂದು ಕೇಳಿದಾಗ, ನಮ್ಮ ಹೆಡ್ ಕ್ಲರ್ಕ್ ‘ಇದು ಚರ್ಚ್‌ಗೇಟ್, ರಾಂಗ್ ನಂಬರ್’ ಎಂದು ಇಟ್ಟುಬಿಟ್ಟರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಡಬ್ಬಿಯ ಒಂದು ಮೂಲೆಯಲ್ಲಿ ಭಜನೆ, ಇನ್ನೊಂದು ಮೂಲೆಯಲ್ಲಿ ಸೀರೆ ವ್ಯಾಪಾರ, ನಡುವೆ ಬಟಾಣಿ ಸುಲಿಯುವವರು. ನಮ್ಮ ಮೂಲೆಯಲ್ಲಿ ರಾಕ್ಷಸರನ್ನು ಕೊಲ್ಲುವ ಕೆಲಸ ನಡೆಯುತ್ತಿತ್ತು. ಅದಕ್ಕೆ ಕಾರಣ ನಾನು.

ಬಾಂದ್ರಾ ಸ್ಟೇಷನ್ನಿನ ಹೊರಗೆ ಒಂದು ರದ್ದಿ ಅಂಗಡಿಯಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ರಟ್ಟಿನ ಮೇಲೆ ಕೊಂಬಿನ ಹಾವು ಹೊಗೆ ಬಿಡುತ್ತಿತ್ತು. ಮಗನಿಗೆ ಕಥೆ ಪುಸ್ತಕವಾಯಿತು ಎಂದು ತಂದೆ. ಬಿಚ್ಚಿ ನೋಡಿದರೆ ಅದರಲ್ಲಿ ಕಥೆಯೇ ಇಲ್ಲ, ಕಥೆ ಆಡುವ ಕ್ರಮ ಮಾತ್ರ ಇದೆ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎಂದು ಹೇಳಬೇಕು. ಮಾಡಲು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಹಾಕಬೇಕು, ಅದಕ್ಕೂ ಇಪ್ಪತ್ತು ಮುಖದ ದಾಳ. ಅಂಥ ದಾಳಕ್ಕೆ ನಾನೆಲ್ಲಿಗೆ ಹೋಗಲಿ? ಮನೆಯ ಹೌಸಿ ಆಟದ ಡಬ್ಬಿಯಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ಆರಿಸಿ, ಎಲೆ ಅಡಿಕೆಯ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದೆ. ದೊಡ್ಡ ನಂಬರು ಬಂದರೆ ಗೆದ್ದ ಹಾಗೆ. ಮಲಾಡ್ ತರಕಾರಿ ಹೆಚ್ಚಲು ತರುತ್ತಿದ್ದ ಹಲಗೆಯನ್ನು ನಾಲ್ಕು ಮೊಣಕಾಲುಗಳ ಮೇಲಿಟ್ಟರೆ ಮೇಜಾಯಿತು. ಕಥೆ ನಡೆಸುವವಳು ನಾನೇ. ಬೇರೆಯವರಿಗೆ ಬಿಡುವ ಜಾಯಮಾನ ನನ್ನದಲ್ಲ.

ಮಂಗಳೂರು ಕಡೆಯ ಮಲಾಡ್ ಬ್ಯಾಂಕಿನಲ್ಲಿದ್ದಳು. ರೂಲ್ ಎಂದರೆ ಪ್ರಾಣ. ಅವಳು ಕತ್ತಿ ಹಿಡಿದ ಯೋಧೆಯಾದಳು. ಬಾಂದ್ರಾ ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಹೆಗಲ ಮೇಲೆ ಕೈ ಹಾಕುತ್ತಿತ್ತು. ಅವಳು ಬೆಂಕಿ ಉಗುಳುವ ಮಂತ್ರಗಾತಿ. ಮೂರನೆಯವರು ಪರೇಲ್, ವಿಜಾಪುರದ ಕಡೆಯವರು, ನಮಗಿಂತ ಹಿರಿಯರು, ಅಂಧೇರಿಯಲ್ಲಿ ಹತ್ತುತ್ತಿದ್ದರು. ಪುಸ್ತಕದ ಪ್ರಕಾರ ಉಳಿದದ್ದು ಕಳ್ಳಿಯ ಪಾತ್ರ.

‘ಕಳ್ಳಿ ನಾ ಯಾಕ ಆಗ್ಲಿರಿ ಅಕ್ಕಾರ? ನಮ್ಮ ಮನಿತನದಾಗ ಯಾರೂ ಕಳವು ಮಾಡಿಲ್ಲ’ ಎಂದರು. ‘ನಾ ಊರ ಗೌಡ್ತಿ ಆಗ್ತೀನಿ.’

ಪುಸ್ತಕದಲ್ಲಿ ಗೌಡ್ತಿ ಇರಲಿಲ್ಲ. ಆದರೂ ಆಗಲಿ ಎಂದೆ.

‘ಮತ್ತ ಒಂದ ಮಾತು. ನನ್ನ ಊರಿಗೆ ಏನೂ ಆಗಬಾರದು.’

ಅದಕ್ಕೊಂದು ಕಾರಣವಿತ್ತು, ಮುಚ್ಚಿಡದೆ ಹೇಳಿದರು. ಕೃಷ್ಣೆಯ ದಂಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಲಿತ್ತು. ಗೋಡೆಗಳ ಮೇಲೆ ಸರ್ಕಾರದವರು ಬಣ್ಣದ ಗುರುತು ಹಾಕಿ ಹೋಗಿದ್ದರು. ಈ ಮಳೆಗಾಲವೋ ಮುಂದಿನದೋ ಎಂದು ಜನ ಗಂಟು ಕಟ್ಟಿ ಕೂತಿದ್ದರು. ಆಟದೊಳಗಿನ ಊರಿಗೆ ಪರೇಲ್ ತಮ್ಮೂರಿನ ಹೆಸರನ್ನೇ ಇಟ್ಟರು. ‘ಏನೂ ಆಗಲ್ಲ, ನಾನಿದ್ದೀನಿ’ ಎಂದು ನಾನು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಧಾರಾಳಿ.

ಆಟ ಶುರುವಾದ ಮೇಲೆ ಗೊತ್ತಾಯಿತು, ಈ ಗೌಡ್ತಿಗೆ ರಾಕ್ಷಸನ ಗೊಡವೆಯೇ ಇಲ್ಲ. ಮಲಾಡ್ ಕತ್ತಿ ಹಿರಿದು ಗುಹೆಯ ಬಾಯಲ್ಲಿ ನಿಂತಿದ್ದರೆ ಇವರು ಊರಲ್ಲಿ ಹಿಟ್ಟಿನ ಗಿರಣಿ ಹಾಕಿಸುತ್ತಿದ್ದರು. ಬಾಂದ್ರಾ ಬೆಂಕಿಯ ಮಂತ್ರ ಕಲಿಯಲು ಬೆಟ್ಟ ಹತ್ತಿದರೆ ಇವರು ಎಮ್ಮೆ ಕೊಳ್ಳಲು ಸಂತೆಗೆ ಹೋದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಛತ್ರದವನ ಮಗಳಿಗೆ ಗಂಡು ನೋಡಿದರು. ಸೆರೆ ಸಿಕ್ಕ ರಾಕ್ಷಸನ ಕಾವಲುಗಾರನನ್ನು ಕೊಲ್ಲಬೇಕೆಂದು ಮಲಾಡ್ ಕತ್ತಿ ಎತ್ತಿದರೆ, ‘ತಡೀರಿ, ಆಳು ಗಟ್ಟಿ ಅದಾನು, ಗಿರಣಿಗೆ ಇಟ್ಕೋತೀನಿ’ ಎಂದು ಅವನನ್ನು ಕೆಲಸಕ್ಕೆ ಹಚ್ಚಿದರು.

ಈ ಉಪಕಸುಬುಗಳನ್ನು ಹೇಗೆ ಸಂಭಾಳಿಸಬೇಕು ಎಂದು ಪುಸ್ತಕದಲ್ಲಿ ಹುಡುಕಿದೆ. ಆ ಹಾಳೆಗಳನ್ನು ರದ್ದಿಯವನು ಭೇಲ್ ಮಾರುವವನಿಗೆ ಕೊಟ್ಟಿದ್ದನೋ ಏನೋ, ಇರಲಿಲ್ಲ. ನನ್ನ ಬುದ್ಧಿಗೆ ತೋಚಿದ್ದು ಮಾಡಿದೆ. ಮೊದಲು ಕಂಟಕ ತಂದೆ. ಒಂದು ಬೆಳಿಗ್ಗೆ ಸಾಂತಾಕ್ರೂಜ್ ದಾಟುತ್ತಿದ್ದ ಹಾಗೆ ‘ನಿಮ್ಮ ಎಮ್ಮೆ ಸತ್ತಿತು’ ಎಂದುಬಿಟ್ಟೆ. ಪರೇಲ್ ಇಳಿಯುವಾಗ ಬರುತ್ತೇನೆ ಎನ್ನಲಿಲ್ಲ. ಮರುದಿನ ‘ನಿನ್ನೆ ಊಟ ಸೇರಲಿಲ್ರಿ’ ಎಂದರು. ಎದುರು ಸೀಟಿನ ಗುಜರಾತಿ ಹೆಂಗಸು ಬಾಂದ್ರಾ ಹುಡುಗಿಯಿಂದ ಅದನ್ನು ಹಿಂದಿಯಲ್ಲಿ ಕೇಳಿ, ನಿಜವಾದ ಎಮ್ಮೆಯೆಂದು ತಿಳಿದು, ನನ್ನನ್ನು ಕೊಲೆಗಡುಕಿಯನ್ನು ನೋಡಿದ ಹಾಗೆ ನೋಡಿದಳು. ಎಮ್ಮೆಗೆ ಮೂರ್ಛೆ ಬಂದಿತ್ತಷ್ಟೆ ಎಂದು ಬದುಕಿಸಿಕೊಟ್ಟೆ.

ಆಮೇಲೆ ಉಪಾಯ ತಾನಾಗಿ ಹೊಳೆಯಿತು. ಬಾಂದ್ರಾದಲ್ಲಿ ಹುಡುಗಿ ಇಳಿದುಬಿಡುತ್ತಾಳೆ. ಅವಳಿಲ್ಲದೆ ರಾಕ್ಷಸನ ಕಥೆ ಮುಂದೆ ಹೋಗುವ ಹಾಗಿಲ್ಲ. ಹಾಗಾಗಿ ಬಾಂದ್ರಾದವರೆಗೆ ಎಲ್ಲರ ಕಥೆ. ಅಲ್ಲಿಂದ ಎಲ್ಫಿನ್‌ಸ್ಟನ್‌ವರೆಗೆ ಗೌಡ್ತಿಯ ಕಾರುಬಾರು ಎಂದು ಗೊತ್ತುಮಾಡಿದೆ. ಎಲ್ಲರೂ ಒಪ್ಪಿದರು. ಆ ಹೊತ್ತಿಗೆ ಮಲಾಡ್ ಬೀನ್ಸ್ ಹೆಚ್ಚುತ್ತಲೋ ತೂಕಡಿಸುತ್ತಲೋ ಇರುತ್ತಿದ್ದಳು. ಆದರೆ ಬಾಂದ್ರಾ ದಾಟಿದ ಮೇಲೆ ಸಮುದ್ರದ ನೀರು ಒಳಗೆ ಬರುವ ಮಾಹೀಮ್ ಖಾಡಿಯ ಹತ್ತಿರ ನಮ್ಮ ಟ್ರೇನು ಸಿಗ್ನಲ್ಲಿಗೆ ನಿಲ್ಲುತ್ತಿತ್ತು ನೋಡಿ, ರೈಲ್ವೆಯವರು ಪರೇಲ್ ಕಡೆಯವರೇ ಇರಬೇಕು ಅನ್ನಿಸುತ್ತಿತ್ತು.

ಅಂಥ ಒಂದು ಸಿಗ್ನಲ್ಲಿನಲ್ಲೇ ಅವರು ಹೊಸ ಯೋಜನೆ ತೆಗೆದದ್ದು.

‘ಅಕ್ಕಾರ, ಊರಿಗೆ ಅಗಸಿ ಬೇಕ್ರಿ.’

ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವರ ಊಟದ ಡಬ್ಬಿಯಲ್ಲಿ ದಿನಾ ಅಗಸಿ ಚಟ್ನಿ ಇರುತ್ತಿತ್ತು, ಅಗಸೆ ಬೀಜ ಹುರಿದು ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಪುಡಿ. ನಮಗೂ ರೊಟ್ಟಿಯ ಜೊತೆ ಕೊಡುತ್ತಿದ್ದರು. ನಾವು ಮೈಸೂರಿನವರು ಅಗಸೆ ಎನ್ನುವುದನ್ನು ಅವರು ಅಗಸಿ ಎನ್ನುತ್ತಾರೆ, ಅಷ್ಟೇ ತಾನೆ?

‘ಎಲ್ಲಿ ಹಾಕ್ತೀರಿ?’ ಎಂದೆ.

‘ಊರ ಬಾಯಾಗ, ದಾರಿಗೆ ಅಡ್ಡ ಹಾಕೋದ್ರಿ.’

ದಾರಿಯಲ್ಲಿ ಯಾರಾದರೂ ಬೆಳೆ ಹಾಕುತ್ತಾರೆಯೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ಅಗಸೆಯನ್ನು ಡಬ್ಬಿಯ ಹೊರಗೆ ಕಂಡವಳಲ್ಲ. ಆ ಕಡೆ ಬೇಸಾಯ ಹಾಗೇ ಇರಬಹುದು ಎಂದು ಸುಮ್ಮನಾದೆ. ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಲ್ಲಿಂದ ದಿನಾ ಖಾಡಿಯ ಹತ್ತಿರ ಅದೇ ಮಾತು.

‘ಅಗಸಿ ಎಷ್ಟು ಎತ್ತರ ಆತ್ರಿ?’

‘ಮೊಣಕಾಲುದ್ದ’ ಎನ್ನುತ್ತಿದ್ದೆ.

‘ಸಾಲದು. ದಿನಾ ಎರಡೂ ಹೊತ್ತು ನೀರು ಹೊಡಸ್ರಿ, ಗಟ್ಟಿ ಆಗತೈತಿ.’

ಹೊಡೆಸಿದೆ. ಸುಣ್ಣ ತರಿಸಿ ಎಂದರು. ಹೊಲಕ್ಕೆ ಸುಣ್ಣ ಹಾಕುವುದನ್ನು ರೇಡಿಯೋದಲ್ಲಿ ಕೇಳಿದ್ದೆ, ತರಿಸಿದೆ. ಬೆಲ್ಲ ತರಿಸಿ ಎಂದರು. ಬೆಳೆ ಬಂದ ಮೇಲೆ ಚಟ್ನಿಗೆ ಈಗಲೇ ಕೂಡಿಡುತ್ತಿದ್ದಾರೆ, ಜಾಣೆ, ಎಂದುಕೊಂಡು ಅದನ್ನೂ ತರಿಸಿದೆ. ಕಾವಲಿಗೆ ಒಬ್ಬ ಬೇಕೆಂದಾಗ ಹಕ್ಕಿ ಓಡಿಸಲು ಗಿರಣಿಯ ಆ ಗಟ್ಟಿ ಆಳನ್ನೇ ನಿಲ್ಲಿಸಿದೆ. ಎದೆಯುದ್ದ ಆಯಿತು ಎಂದರೂ ಸಾಲದು, ಆಳೆತ್ತರ ಆಯಿತು ಎಂದರೂ ಸಾಲದು. ಕೊನೆಗೆ ಬೇಸತ್ತು ‘ಎರಡಾಳೆತ್ತರ ಆಯ್ತು, ಸಾಕಾ?’ ಎಂದಾಗ ಅವರ ಮುಖ ಅರಳಿತು.

‘ಈಗ ಹೂ ಯಾವ ಬಣ್ಣ?’ ಎಂದು ಕೇಳಿದೆ. ಕೇಳಬೇಕಾದದ್ದು ಅವರನ್ನೇ ತಾನೆ, ಬೆಳೆ ಕಂಡವರು ಅವರು.

‘ನೀಲಿ ಇರ್ಲಿ ಬಿಡ್ರಿ. ನಮ್ಮೂರಾಗೂ ನೀಲಿ ಹೂವನ ಐತಿ’ ಎಂದರು, ದನಿ ಸಣ್ಣದು ಮಾಡಿಕೊಂಡು. ಆಮೇಲೆ ನಾನು ಯಾರನ್ನೋ ಕೇಳಿದೆ. ಅಗಸೆ ಹೂ ನಿಜಕ್ಕೂ ನೀಲಿಯೇ. ಇನ್ನು ಅನುಮಾನಕ್ಕೆ ಜಾಗವೆಲ್ಲಿ?

ಇತ್ತ ಮಲಾಡ್‌ಗೆ ತಲೆ ಕೆಟ್ಟಿತ್ತು. ‘ಎಂತ ಮಾರಾಯ್ತಿ, ನನ್ನ ಕತ್ತಿಗೆ ತುಕ್ಕು ಹಿಡಿಯಿತು. ನೀನು ಬರೀ ಅವರ ತೋಟ ನೋಡಿಕೊಳ್ಳುವುದಾ? ಹೀಗಾದರೆ ನಾನು ಸೀರೆಯವರ ಹತ್ತಿರ ಹೋಗಿ ಕೂರುತ್ತೇನೆ’ ಎಂದಳು. ಮಲಾಡ್ ಹೋದರೆ ಆಟದ ಜೊತೆಗೆ ಸೀಟೂ ಹೋಗುತ್ತಿತ್ತು. ಆಗ ನಾನೊಂದು ಹೂಟ ಹೂಡಿದೆ, ನನ್ನನ್ನು ನಾನೇ ಮೆಚ್ಚಿಕೊಳ್ಳುವಂಥದ್ದು. ರಾಕ್ಷಸನ ದಂಡು ನೇರವಾಗಿ ಗೌಡ್ತಿಯ ಊರಿಗೇ ಬರಲಿ. ಮಲಾಡ್‌ಗೆ ಯುದ್ಧ ಸಿಗುತ್ತದೆ. ಅಗಸೆಗೆ ಬೆಂಕಿ ಬಿದ್ದರೆ ಗೌಡ್ತಿಗೂ ಸಿಟ್ಟು ಬಂದು ಗಿರಣಿ ಬಿಟ್ಟು ಕೋಲು ಹಿಡಿಯುತ್ತಾಳೆ. ಕೊಟ್ಟ ಮಾತು ನೆನಪಿತ್ತು. ಊರಿಗೇನೂ ಆಗುವುದಿಲ್ಲ, ಬೆಳೆ ಹೋದರೆ ಮತ್ತೆ ಬೆಳೆಯಬಹುದು ಎಂದು ಲೆಕ್ಕ ಹಾಕಿದ್ದೆ.

ಅಂದು ಬಾಂದ್ರಾಗೆ ಫೋರ್ಟ್ ಬಡಾವಣೆಯಲ್ಲಿ ಏನೋ ಕೆಲಸವಿತ್ತು, ಚರ್ಚ್‌ಗೇಟಿನವರೆಗೂ ನಮ್ಮ ಜೊತೆಗೇ ಇದ್ದಳು. ಟ್ರೇನು ಖಾಡಿಯ ಹತ್ತಿರ ನಿಂತಿತು. ಹಲಗೆಯ ಮೇಲೆ ಬೀನ್ಸ್ ಚೂರುಗಳನ್ನು ಹರಡಿ ‘ಇದು ದಂಡು, ಎಲ್ಲ ಕುದುರೆಯ ಮೇಲೆ’ ಎಂದೆ. ಪರೇಲ್ ಅವರ ಊಟದ ಡಬ್ಬಿಯನ್ನು ಮುಂದಿಟ್ಟು ‘ಇದು ಊರು’ ಎಂದೆ. ‘ಧೂಳು ಕಾಣ್ತಿದೆ. ಏನು ಮಾಡ್ತೀರಿ?’

ಮಲಾಡ್ ಬಾಯಿ ತೆರೆಯುವ ಮೊದಲೇ ಪರೇಲ್ ಹೇಳಿದರು. ಗಾಬರಿಯೇ ಇಲ್ಲ, ಮುಖದಲ್ಲಿ ನಗು.

‘ಏನೈತಿ ಅದರಾಗ? ಅಗಸಿ ಹಾಕ್ಕೊಂಡ ಬಿಡೋದು.’

‘ಈಗ ಹಾಕಿದರೆ ಯಾವಾಗ ಬೆಳೆಯೋದು?’ ಎಂದೆ.

‘ಬೆಳೆಯೋದು? ಏನ ಬೆಳೆಯೋದ್ರಿ?’

‘ಅಗಸೆ.’

‘ಕಲ್ಲಿನ ಅಗಸಿ ಹೆಂಗ ಬೆಳೀತೈತ್ರಿ ಅಕ್ಕಾರ?’

ಬಾಂದ್ರಾ ನಮ್ಮಿಬ್ಬರ ಮುಖ ನೋಡಿ, ‘ಆಂಟಿ, ಅಗಸಿ ಮತ್ಲಬ್ ಕ್ಯಾ?’ ಎಂದಳು. ಪರೇಲ್ ಎರಡು ಕೈ ಎತ್ತಿ ಕಂಬದ ಹಾಗೆ ನಿಲ್ಲಿಸಿ ತೋರಿಸಿದರು, ಹಿಂದಿಯ ಮಾತು ಹುಡುಕಿದರು. ಪಕ್ಕದಲ್ಲಿ ಮೇಥಿ ಸೊಪ್ಪು ಬಿಡಿಸುತ್ತಿದ್ದ, ನಮ್ಮ ಗಡಿ ಕಡೆಯ ಮರಾಠಿ ಹೆಂಗಸು ತಲೆ ಎತ್ತದೆ, ‘ಗಾವಾಚೀ ವೇಸ್’ ಎಂದಳು. ವೇಸ್ ಎಂದರೆ ಊರಬಾಗಿಲು. ವಿಜಾಪುರದ ಕಡೆ ಊರ ಹೆಬ್ಬಾಗಿಲಿಗೂ ಅಗಸಿ ಎನ್ನುತ್ತಾರೆ, ಚಟ್ನಿಯ ಬೀಜಕ್ಕೂ ಅಗಸಿಯೇ.

ನನಗೆ ಒಂದೊಂದಾಗಿ ಹೊಳೆಯಿತು. ನೀರು ಹೊಡೆಸಿದ್ದು ಗಾರೆ ಗಟ್ಟಿಯಾಗಲು. ಸುಣ್ಣ ಬೆಲ್ಲ ಕಲೆಸಿದ್ದು ಕಲ್ಲು ಹಿಡಿಯಲು. ನೀಲಿ ಹೂ ಅವರೂರಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಹೂ. ಇಷ್ಟು ದಿನ ಅವರು ಮುಳುಗಲಿರುವ ಊರಿನ ಬಾಗಿಲನ್ನು ಕಲ್ಲು ಕಲ್ಲಾಗಿ ಕಟ್ಟುತ್ತಿದ್ದರು, ನಾನು ಅದರ ಮೇಲೆ ಹಕ್ಕಿ ಓಡಿಸುತ್ತಿದ್ದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನನ್ನ ಕಥೆಯ ಊರಿಗೆ ಹಾಕಲು ಬಾಗಿಲೂ ಇಲ್ಲ.

ಮಲಾಡ್ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಪರೇಲ್ ಮುಖ ಕಂಡು ನಿಲ್ಲಿಸಿದಳು. ಅವರ ನಗು ಇಳಿದುಹೋಗಿತ್ತು.

‘ಹಂಗಾರ ಅಗಸಿ ಇಲ್ಲೇನ್ರಿ?’ ಎಂದರು.

ಇದೆ ಎಂದುಬಿಡಬೇಕೆಂದು ನನಗೆ ತುದಿ ನಾಲಿಗೆಯವರೆಗೆ ಬಂತು. ಆದರೆ ಮಲಾಡ್ ಬಿಡುತ್ತಾಳೆಯೇ? ‘ಅನುಮಾನ ಬಂದರೆ ಚೀಲ, ರೂಲ್ ಅಲ್ವಾ? ಬಿಲ್ಲೆ ತೆಗೆಯಲಿ. ಎಂಟು ಅಥವಾ ಮೇಲೆ ಬಂದರೆ ಬಾಗಿಲುಂಟು. ಅಷ್ಟು ಸಲೀಸು ಮಾಡಿದ್ದೇನೆ’ ಎಂದಳು. ಪರೇಲ್ ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿದರು. ಬಂದದ್ದು ಆರು.

‘ಉಲ್ಟಾ ಪಕಡಾ ಹೈ, ಅದು ಒಂಬತ್ತು’ ಎಂದಳು ಬಾಂದ್ರಾ, ಬಿಲ್ಲೆಯನ್ನು ತಿರುಗಿಸಿಟ್ಟು.

ಮಲಾಡ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ‘ಅಡಿಯಲ್ಲಿ ಗೆರೆ ಉಂಟು. ಆರೇ.’

ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಈಗಲೂ ಬೇಕಾದರೆ ಪುನಃ ತರಿಸಿಕೊಳ್ಳಬಲ್ಲೆ. ಟ್ರೇನು ಹೊರಟಿತು. ಪರೇಲ್ ಊಟದ ಡಬ್ಬಿಯನ್ನು ಹಲಗೆಯ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ಆಟ ಮುಗಿಯಿತು ಎಂದುಕೊಂಡೆ.

‘ಬಾಗಿಲಿಲ್ಲ. ಆದರೆ ಅಗಸೆ ಉಂಟಲ್ಲ’ ಎಂದಳು ಮಲಾಡ್, ನನ್ನ ಕಡೆ ಚಾಕು ತೋರಿಸಿ. ‘ಎಷ್ಟು ಎತ್ತರ ಅಂತ ಹೇಳಿದ್ದೆ ನೀನು?’

‘ಎರಡಾಳೆತ್ತರ.’

‘ಎಲ್ಲಿ?’

‘ದಾರಿಗೆ ಅಡ್ಡ.’

‘ಹಾಂ. ಕಥೆ ನಡೆಸುವವಳ ಬಾಯಿಂದ ಬಂದ ಮೇಲೆ ಅದು ನಿಜ. ಎರಡಾಳೆತ್ತರದ ಬೆಳೆಯೊಳಗೆ ಕುದುರೆಗೆ ಎಂತ ಕಾಣ್ತದೆ, ಮಣ್ಣಂಗಟ್ಟಿ? ನಾನು ಒಳಗೆ ಅಡಗಿ ಕೂತಿದ್ದೇನೆ. ಕತ್ತಿ ಉಂಟು. ಬರಲಿ ಅವರು.’

ಬಾಂದ್ರಾ ಚುರುಕಾದಳು. ‘ನಾನು ಆಗ್ ಲಗಾತಿ… ಬೇಡ ಬೇಡ, ಬೆಳೆ ಸುಡ್ತದೆ. ನಾನು ಪೀಛೆಸೆ, ದಂಡಿನ ಹಿಂದಿನಿಂದ ಆತಿ ಹೂಂ.’

ಪರೇಲ್ ನಿಧಾನವಾಗಿ ತಿರುಗಿದರು. ಡಬ್ಬಿ ಮತ್ತೆ ಹಲಗೆಯ ಮೇಲೆ ಬಂತು. ಅದರ ಒಳಗಿಂದ ಚಟ್ನಿಯ ಪುಟ್ಟ ಡಬ್ಬಿ ತೆಗೆದು, ಊರಿಗೂ ದಂಡಿಗೂ ನಡುವೆ ಕುಕ್ಕಿದರು.

‘ಬೆಲ್ಲ ಏನೋ ಹೊಲದಾಗ ಹೋತು. ಖಾರ ಐತಿ, ಅಗಸಿ ಐತಿ. ಊರ ಹೆಂಗಸರೆಲ್ಲ ಮಾಳಿಗಿ ಮ್ಯಾಲ ನಿಂತ ಕಣ್ಣಿಗೆ ಚಟ್ನಿ ಉಗ್ಗತೀವಿ. ಹಾ ತಗೀರಿ ಬಿಲ್ಲೆ.’

ಹತ್ತೊಂಬತ್ತು ಬಂತು. ಮಾಟುಂಗಾದಲ್ಲಿ ದಂಡಿನ ಮುಂದಿನ ಸಾಲು ಕಣ್ಣುಜ್ಜಿಕೊಳ್ಳುತ್ತಿತ್ತು. ದಾದರ್‌ನಲ್ಲಿ ಹತ್ತಿದ ಜನ ಮೈಮೇಲೆ ಬಿದ್ದರೂ ಮಲಾಡ್ ಹಲಗೆ ಬಿಡಲಿಲ್ಲ. ಅವಳು ಚಾಕು ಬೀಸಿ ಮಾತಾಡಿದ್ದರಿಂದ ಗುಜರಾತಿ ಹೆಂಗಸು ಎದ್ದು ಭಜನೆಯವರ ಕಡೆ ಹೋದಳು. ಸತ್ತ ಬೀನ್ಸನ್ನು ಬಾಂದ್ರಾ ಒಂದೊಂದಾಗಿ ಪಾತ್ರೆಗೆ ಹಾಕುತ್ತಿದ್ದಳು. ರಾಕ್ಷಸ ಓಡಿಹೋದಾಗ ತಲೆ ಎತ್ತಿ ನೋಡಿದರೆ ಟ್ರೇನು ಎಲ್ಫಿನ್‌ಸ್ಟನ್ ದಾಟಿ ಮಹಾಲಕ್ಷ್ಮಿ ಬಿಡುತ್ತಿದೆ. ಯಾವ ಮಾತಿನ ನಡುವೆಯೂ ಎದ್ದು ಇಳಿದುಹೋಗುತ್ತಿದ್ದ ಪರೇಲ್ ಇನ್ನೂ ಕೂತೇ ಇದ್ದರು. ‘ಇವತ್ತ ಆಸ್ಪತ್ರಿ ನಿಂತಿರ್ತೈತಿ ತಗೋರಿ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಆಮೇಲೆ ಅಗಸಿ ಕಟ್ಟಿದ್ದು ನಾವೆಲ್ಲ ಸೇರಿ. ಗೌಡ್ತಿಯ ಕಾರುಬಾರು ಎಲ್ಲರ ಕಾರುಬಾರಾಯಿತು. ಬಾಂದ್ರಾವರೆಗೆ, ಅಲ್ಲಿಂದ ಮುಂದೆ ಎಂಬ ಗಡಿ ನಿಲ್ಲಲಿಲ್ಲ. ಮಲಾಡ್‌ನ ಯೋಧೆ ಕತ್ತಿ ಇಟ್ಟು ಕಲ್ಲು ಹೊತ್ತಳು, ಮಂತ್ರಗಾತಿ ಸುಣ್ಣದ ಭಟ್ಟಿಗೆ ಬೆಂಕಿ ಕೊಟ್ಟಳು. ಈ ಸಲ ನಾನು ಪ್ರತಿ ಕಲ್ಲಿಗೂ ‘ಇದು ಕಲ್ಲೇ ತಾನೆ?’ ಎಂದು ಕೇಳಿಕೊಂಡೆ. ಅಗಸಿಯ ಮುಂದೆ ಅಗಸಿ ಬಿತ್ತಿದೆವು, ಚಟ್ನಿಗೂ ಬೇಕಲ್ಲ.

ಆ ಮಳೆಗಾಲದಲ್ಲಿ ಪರೇಲ್ ಕೆಲವು ದಿನ ಬರಲಿಲ್ಲ. ಬಂದ ದಿನ ಅಂಧೇರಿಯಲ್ಲಿ ಹತ್ತಿ, ಮಲಾಡ್ ಹಿಡಿದಿಟ್ಟ ಸೀಟಿನಲ್ಲಿ ಕೂತು, ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂದು ಬಾಂದ್ರಾ ಸ್ಟೇಷನ್ ಬಂದರೂ ಹುಡುಗಿ ಇಳಿಯಲಿಲ್ಲ. ಯಾರೂ ಅವಳಿಗೆ ಉಳಿ ಎಂದಿರಲಿಲ್ಲ.

‘ಊರಿಗೆ ನೀರು ಬಂತ್ರಿ ಅಕ್ಕಾರ’ ಎಂದರು ಪರೇಲ್. ‘ಅಗಸಿ ಮ್ಯಾಲಿನ ಕಲ್ಲಷ್ಟ ಕಾಣತೈತಿ. ಮಂದಿ ದಿಕ್ಕಾಪಾಲಾಗ್ಯಾರ.’

ನನಗೆ ಅಳು ಬಂತು. ಗೊತ್ತಿಲ್ಲ ಎನ್ನಲು ಬಾಯಿ ಬಾರದವಳಿಗೆ ಅಂದು ಬಾಯೇ ಇರಲಿಲ್ಲ. ಮಲಾಡ್ ಬೀನ್ಸ್ ಬದಿಗೆ ಸರಿಸಿ ಹಲಗೆ ಒರೆಸಿದಳು. ಟ್ರೇನು ಖಾಡಿಯ ಹತ್ತಿರ ನಿಂತಿತು. ಕೆಳಗೆ ಮಳೆಯ ನೀರು ಕೆಂಪಗೆ ತುಂಬಿತ್ತು.

‘ನಮ್ಮ ಅಗಸಿ ಹೆಂಗೈತ್ರಿ?’ ಎಂದು ಕೇಳಿದರು.

‘ಭದ್ರವಾಗಿದೆ. ಎರಡಾಳೆತ್ತರ, ನೀಲಿ ಹೂ’ ಎಂದೆ. ‘ಹಾಕ್ಕೊಂಡಿದೆ.’

‘ತಗಸ್ರಿ’ ಎಂದರು ಪರೇಲ್. ‘ಮಂದಿ ಬರಬೇಕಲ್ಲ.’

ಬಾಗಿಲು ತೆಗೆಸಿದೆ. ಅವರು ಚೀಲದಿಂದ ಬಿಲ್ಲೆಗಳನ್ನು ಹಲಗೆಯ ಮೇಲೆ ಸುರಿದುಕೊಂಡು, ಒಂದೊಂದು ಬಿಲ್ಲೆಗೂ ಒಬ್ಬೊಬ್ಬರ ಹೆಸರು ಹಿಡಿದು, ಎಲ್ಫಿನ್‌ಸ್ಟನ್ ಬರುವವರೆಗೂ ತಮ್ಮೂರಿನವರನ್ನು ಒಳಗೆ ಕರೆದುಕೊಂಡರು.